ಹೆಪ್ಪುಮಂಜಿನ ನಾಡಿನ ತೋಟಗಾರ ವಿಲಿಯಂ ಗ್ರಹಾಂ ಮೆಕ್‌ಐವರ್

ನೀಲಗಿರಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನವನ್ನು ಪರಿಚಯ ಮಾಡಿಕೊಡಹೊರಡುವುದು ಗಂಗೆಯ ದಡದಲ್ಲಿ ಬಾವಿ ತೋಡಿದಂತಾದೀತು. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 55 ಎಕರೆಗಳಷ್ಟು ವಿಸ್ತಾರವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿಹೋಗಿರುವ ಆ ತೋಟವನ್ನು ನೋಡದ ವಿದ್ಯಾರ್ಥಿ ನಮ್ಮ ಶಾಲೆಗಳಲ್ಲಿ ಒಬ್ಬನೂ ಇರಲಾರನು. ಆದರೆ ನಾವು ಕಂಡಂತೆ ಬಹುಜನರಿಗೆ ಆ ಉದ್ಯಾನದ ಒಂದು ಮುಖ ಮಾತ್ರ ಪರಿಚಿತವಾದುದು. ಅದು ಮೇ ತಿಂಗಳಿನ ಮುಖ. 1896ರಿಂದ ನಡೆದುಬಂದಿರುವ ಪುಷ್ಪಪ್ರದರ್ಶನದ ಕಾಲದಲ್ಲಿ ಬಯಲುಸೀಮೆಯ ಬಿಸಿಲಿಗೆ ಬಳಲಿದ ಜನಸಮೂಹವು ಬೆಟ್ಟವನ್ನೇರಿ ಬಂದು, ಬಣ್ಣಬಣ್ಣದ ಹೂಗಳನ್ನು ನೋಡಿ ತಣಿದು ಹಿಂದಿರುಗುತ್ತದೆ. ಉದ್ಯಾನಕ್ಕೆ ಇನ್ನೊಂದು ಮುಖವುಂಟು. ಅದು ಮಾರ್ಗಶಿರ ಪುಷ್ಯಮಾಸಗಳ ಮುಖ. ಅದನ್ನು ಅರಿಯದೆ ಈ ತೋಟವನ್ನು ಕಟ್ಟಿದ ಮನುಷ್ಯನನ್ನು ಅರಿಯಲು ಸಾಧ್ಯವಿಲ್ಲವೆಂದು ನಮ್ಮ ಅಭಿಪ್ರಾಯ. ಆದುದರಿಂದ ಮೊದಲು ಚಳಿಗಾಲದ ಮಾತನ್ನೇ ಹೇಳುತ್ತೇವೆ.

ಹಿಂಗಾರು ಮಳೆ ಹಿಂದೆಗೆದು ಆಕಾಶವು ತಿಳಿಯಾದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಉದಕಮಂಡಲದಲ್ಲಿ ಹಗಲೊಂದು ಋತು, ಇರುಳೊಂದು ಋತು. ಹಗಲಿನಲ್ಲಿ ಬಿಸಿಲು ಚುರುಕಾಗಿಯೇ ಇರುತ್ತದೆ. ಸೂರ್ಯನು ಮುಳುಗಿದೊಡನೆ ನೆಲದ ಕಾವೆಲ್ಲವೂ ಮೋಡವಿಲ್ಲದ ಬಾನಿಗೆ ಹಾರಿಹೋಗುತ್ತದೆ. ತಣ್ಣಗಾದ ಗಾಳಿಯು ಬಿಸಿಗಾಳಿಗಿಂತ ಭಾರವಾದುದರಿಂದ ನೀರಿನಂತೆಯೇ ಇಳಿಜಾರನ್ನು ಅನುಸರಿಸಿ ಹರಿದು ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಬೆಳಗಿನ ಜಾವಕ್ಕೆ ಆ ತಗ್ಗಿನ ಹುಲ್ಲೆಲ್ಲವೂ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಇಬ್ಬನಿಯು ಬೀಳುವ ಬದಲು ಹೆಪ್ಪುಗಟ್ಟಿ ನಿಂತ ಈ ಮಂಜನ್ನು ನಾವು ಹೆಪ್ಪುಮಂಜೆಂದು ಕರೆಯೋಣ. ನೋಡಲು ಸೊಗಸಾದರೂ ಗಿಡಗಳಿಗೆ ಇದು ಯಮಪಾಶ. ಡೇಲಿಯಾ, ಹೀಲಿಯೋಟ್ರೋಪ್ ಮೊದಲಾದ ಮೆತ್ತನೆಯ ಗಿಡಗಳು ಒಂದೇ ರಾತ್ರಿಯಲ್ಲಿ ಬೆಂಕಿ ತಾಗಿದಂತೆ ಕಪ್ಪಾಗುತ್ತವೆ. ಆದರೆ ಅದೇ ರಾತ್ರಿ ನೂರು ಅಡಿ ಮೇಲಿನ ಇಳಿಜಾರಿನಲ್ಲಿ ಒಂದು ಎಲೆಯೂ ಬಾಡದಿರಬಹುದು. ಶೋಲೆಯೆಂದು ಕರೆಯುವ ದಟ್ಟವಾದ ಕಣಿವೆಕಾಡಿನ ಒಳಗಂತೂ ಹೆಪ್ಪುಮಂಜಿನ ಸುಳಿವೇ ಇರುವುದಿಲ್ಲ. ಮರಗಳ ಮೇಲ್ಕಟ್ಟು ನೆಲದ ಕಾವನ್ನು ಹೊದಿಕೆಯಂತೆ ಹಿಡಿದಿಟ್ಟಿರುತ್ತದೆ.

ಬಡಗರ ಹಟ್ಟಿಗಳು ಸಾಮಾನ್ಯವಾಗಿ ಕಣಿವೆಯ ತಳದಲ್ಲಿರದೆ ದಿಣ್ಣೆಗಳ ಮೇಲೂ ಇಳಿಜಾರುಗಳಲ್ಲೂ ಇರುವುದನ್ನು ವಾಚಕರು ಬಲ್ಲರು. ಇದಕ್ಕೆ ಬೇರೆ ಕಾರಣಗಳೂ ಉಂಟು. ಆದರೂ ಪುಷ್ಯಮಾಸದ ಒಂದು ಮುಂಜಾನೆ ಕೇತಿಯ ಕಣಿವೆಯನ್ನು ಮೇಲಿನಿಂದ ನೋಡಿದವರಿಗೆ, ಹಿರಿಯರು ಮನೆ ಕಟ್ಟುವಾಗ ಈ ಬಿಳಿಯ ಗೆರೆಯನ್ನೂ ಗಮನಿಸಿದ್ದಿರಬೇಕೆಂದು ತೋರದಿರದು.

ಈ ಗೆರೆ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಪ್ಪತ್ತೆಂಟು ಚಳಿಗಾಲಗಳ ಕಾಲ ನೋಡಿ ಕಲಿತವರು ವಿಲಿಯಂ ಗ್ರಹಾಂ ಮೆಕ್‌ಐವರರು.

ಅವರು ಹುಟ್ಟಿದುದು 1820ರ ದಶಕದ ನಡುವಿನಲ್ಲಿ, ಸ್ಕಾಟ್ಲೆಂಡಿನ ಡಾಲರ್ ಎಂಬ ಸಣ್ಣ ಊರಿನಲ್ಲಿ. ತೋಟಗಾರಿಕೆಯನ್ನೇ ಕಸುಬಾಗಿ ಹಿಡಿದು ಲಂಡನ್ ನಗರದ ಬಳಿಯ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದರು. ಅಂದಿಗೆ ಕ್ಯೂ ಉದ್ಯಾನವು ಬ್ರಿಟಿಷ್ ಸಾಮ್ರಾಜ್ಯದ ತೋಟಗಾರರೆಲ್ಲರಿಗೂ ಗುರುಕುಲವಿದ್ದಂತೆ. ಒಂದು ದೇಶದ ಗಿಡವನ್ನು ಇನ್ನೊಂದು ದೇಶಕ್ಕೆ ಸಾಗಿಸಿ ಬೆಳೆಸುವ ವಿದ್ಯೆಯಲ್ಲಿ ಅದನ್ನು ಮೀರಿದ ಸ್ಥಳವಿರಲಿಲ್ಲ. ಅಲ್ಲಿ ತರುಣ ಮೆಕ್‌ಐವರರ ಆಸಕ್ತಿಯು ಗುಲಾಬಿ ಲಿಲ್ಲಿಗಳ ಕಡೆಗಲ್ಲ, ಒದ್ದೆಗೋಡೆಗಳ ಮೇಲೂ ತೊರೆಯ ಕಲ್ಲುಗಳ ಮೇಲೂ ಹಬ್ಬುವ ಹಾವಸೆಯ ಜಾತಿಯ ಕಿರುಸಸ್ಯಗಳ ಕಡೆಗೆ ತಿರುಗಿತು. ಬ್ರಿಟನ್ನಿನ ಹೆಪಾಟಿಕೆ ಎಂಬ ವರ್ಗದ ಸಸ್ಯಗಳನ್ನು ಸಂಗ್ರಹಿಸಿ, ಒಣಗಿಸಿ, ಹೆಸರಿಸಿ 1847ರಲ್ಲಿ ಪುಸ್ತಕರೂಪದಲ್ಲಿ ಹೊರತಂದರು. ಜನರು ಕಾಲಡಿಯಲ್ಲಿ ತುಳಿದು ಹೋಗುವ ಹಾವಸೆಯನ್ನು ಬಾಗಿ ನೋಡುವ ಈ ಅಭ್ಯಾಸವು ಮುಂದೆ ಎಂತಹ ಫಲವನ್ನು ಕೊಟ್ಟಿತೆಂಬುದನ್ನು ಆಮೇಲೆ ನೋಡೋಣ.

1848ರಲ್ಲಿ ಅವರು ಉದಕಮಂಡಲದ ಸರ್ಕಾರಿ ಉದ್ಯಾನದ ಮೇಲ್ವಿಚಾರಕರಾಗಿ ನೇಮಕಗೊಂಡು ಬೆಟ್ಟವನ್ನೇರಿ ಬಂದರು. ಉದ್ಯಾನವೆಂದು ಕರೆದರೂ ಅಲ್ಲಿ ಇದ್ದುದು ಏನು? 1799ರಲ್ಲಿ ಟಿಪ್ಪುವಿನ ಪತನಾನಂತರ ನೀಲಗಿರಿಯು ಕಂಪನಿಯ ಕೈಸೇರಿದ್ದಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನರು 1819ರಲ್ಲಿ ಇಲ್ಲಿಗೆ ಬಂದ ತರುವಾಯ ಬಿಳಿಯರ ವಸತಿ ಬೆಳೆಯತೊಡಗಿತು. ಅವರಿಗೆ ತಮ್ಮ ದೇಶದ ಕೋಸು, ಗಜ್ಜರಿಗಳು ಬೇಕಾಗಿದ್ದವು. 1845ರ ಸುಮಾರಿಗೆ ಅವರಲ್ಲಿ ಕೆಲವರು ತಿಂಗಳಿಗೆ 3 ರೂಪಾಯಿ ಚಂದಾ ಹಾಕಿ, ತರಕಾರಿ ಬೆಳೆಸಿ ಹಂಚಿಕೊಳ್ಳುವ ಏರ್ಪಾಡನ್ನು ಮಾಡಿಕೊಂಡರು. ಏರ್ಪಾಡು ಬಾಳಲಿಲ್ಲ. ಮದರಾಸಿನ ಗವರ್ನರರಾಗಿದ್ದ ಟ್ವೀಡ್‌ಡೇಲ್ ಪ್ರಭುಗಳ ಬೆಂಬಲದಿಂದ ಅದೇ ಪ್ರಯತ್ನವು ಸಾರ್ವಜನಿಕ ಉದ್ಯಾನದ ಯೋಜನೆಯಾಗಿ ರೂಪಾಂತರ ಹೊಂದಿತು. ಅಂತೂ ಇಂದು ನಾವು ಸಸ್ಯಶಾಸ್ತ್ರದ ದೇಗುಲವೆಂದು ಭಾವಿಸುವ ಸ್ಥಳದ ಮೂಲವು ಊಟದ ತಟ್ಟೆಯಲ್ಲಿದೆ. ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ಮೆಕ್‌ಐವರರಿಗೆ ದೊರೆತ ನೆಲದ ಮೇಲುಭಾಗವೆಲ್ಲ ಕಡಿದಾದ ದಂಡೆಗಳ, ಕೊರಕಲುಗಳ ಕಾಡು. ಕೆಳಭಾಗವೆಲ್ಲ ಜೌಗು. ತಂಗಾಳಿಯು ಹರಿದು ಬಂದು ನಿಲ್ಲುವುದು ಆ ಜೌಗಿನಲ್ಲಿಯೇ. ಅಂದರೆ ನೀರೂ ಚಳಿಯೂ ಒಂದೆಡೆಯೇ ಮಡುಗಟ್ಟುತ್ತಿದ್ದವು. ಅವರು ಕಾಲುವೆಗಳನ್ನು ತೋಡಿಸಿ ನೀರನ್ನು ಬಸಿಸಿದರು. ಇಳಿಜಾರನ್ನು ಕಡಿದು ಹಂತಗಳನ್ನು ಮಾಡಿಸಿದರು. ದಾರಿಗಳನ್ನು ಬೆಟ್ಟದ ಬಳುಕಿಗೆ ತಕ್ಕಂತೆ ಸುತ್ತಿಸಿದರು. ಈ ಕೆಲಸವು ಸುಮಾರು ಹತ್ತು ವರ್ಷಗಳನ್ನು ತೆಗೆದುಕೊಂಡಿತು. ಈಗ ಹಸುರು ಜಮಖಾನೆಯಂತೆ ಹಾಸಿಕೊಂಡಿರುವ ಕೆಳಗಿನ ಹುಲ್ಲುಹಾಸನ್ನು ನೋಡುವವರಿಗೆ, ಒಂದು ಕಾಲಕ್ಕೆ ಅಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹುದುಗುವ ಕೆಸರಿದ್ದಿತೆಂದು ಹೇಳಿದರೆ ನಂಬಿಕೆ ಹುಟ್ಟುವುದು ಕಷ್ಟ.

ಈ ಹತ್ತು ವರ್ಷಗಳ ಅಗೆತವನ್ನು ಮಾಡಿದ ಕೈಗಳು ಯಾರವು? ಅಂದಿನ ವರದಿಗಳು ಗಿಡಗಳನ್ನು ಒಂದೊಂದಾಗಿ ಎಣಿಸುತ್ತವೆ. ಅಗೆದವರು ಅಲ್ಲಿ ಬರಿಯ ಕೂಲಿಗಳು. ಗಡಿನಾಡಿನ ನಾವು ಇದನ್ನು ಗಮನಿಸದಿರಲಾಗದು. ಅಂದಿನ ನೀಲಗಿರಿಯಲ್ಲಿ ಕನ್ನಡದ ಬಾಂಧವ್ಯವುಳ್ಳ ಬಡಗ ನುಡಿಯ ಜನರೇ ಕೃಷಿಕರಲ್ಲಿ ಪ್ರಮುಖರು. ಕೇತಿಯಲ್ಲಿ ವಾಸವಾಗಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರರು ಬಡಗರ ಮಕ್ಕಳಿಗೆ ಪಾಠ ಹೇಳಿಸಲೆಂದು ತಾವೇ ಕನ್ನಡವನ್ನು ಕಲಿತರು. 1846ರಲ್ಲಿ ಅಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರೂ ಕನ್ನಡವನ್ನೇ ಬಳಸಿದರು. ತೋಟದ ಬೆನ್ನಿಗಿರುವ ಶಿಖರದ ಹೆಸರೇ ದೊಡ್ಡಬೆಟ್ಟ. ಅದಕ್ಕೆ ನಿಘಂಟು ಬೇಕಿಲ್ಲ. ಉದ್ಯಾನದ ಮೇಲ್ಗಡೆ ಇಂದಿಗೂ ತೋಡರ ಮಂದೊಂದಿದೆ. ತೋಟವು ಬರುವ ಮುನ್ನ ಆ ಹುಲ್ಲುಗಾವಲುಗಳು ಅವರ ಎಮ್ಮೆಗಳವಾಗಿದ್ದವು.

ಇನ್ನು ಮೆಕ್‌ಐವರರ ಜೀವನದ ಮಹತ್ಕಾರ್ಯಕ್ಕೆ ಬರೋಣ. ಚಳಿಜ್ವರವು ಆ ಕಾಲದಲ್ಲಿ ಎಷ್ಟು ಊರುಗಳನ್ನು ಹಾಳುಗೆಡವಿತೆಂಬುದನ್ನು ವೈನಾಡಿನವರಿಗಾಗಲಿ ಹೆಗ್ಗಡದೇವನಕೋಟೆಯ ಕಡೆಯವರಿಗಾಗಲಿ ಮಲೆನಾಡಿನವರಿಗಾಗಲಿ ನಾವು ವಿವರಿಸಬೇಕಾಗಿಲ್ಲ. ಅದಕ್ಕೆ ಆಗ ತಿಳಿದಿದ್ದ ಸಿದ್ಧೌಷಧವೊಂದೇ: ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕ್ವಿನೈನು. ಅಲ್ಲಿನ ಕಾಡುಗಳಲ್ಲಿ ಮರಗಳನ್ನು ಕಡಿಕಡಿದು ತೊಗಟೆ ದುರ್ಲಭವಾಗತೊಡಗಿದ್ದಿತು. ಭಾರತದಲ್ಲಿ ಅದನ್ನು ಬೆಳೆಸಬೇಕೆಂದು ಸರ್ಕಾರವು ಕ್ಲೆಮೆಂಟ್ಸ್ ಮಾರ್ಕಮ್ ಎಂಬವರನ್ನು ಪೆರು ದೇಶಕ್ಕೆ ಕಳುಹಿಸಿತು. ಅವರು ಸಾಹಸಪಟ್ಟು ಸಂಗ್ರಹಿಸಿದ ಸಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಕಡಲುಗಳನ್ನು ದಾಟಿ, ಕೆಂಪು ಸಮುದ್ರದ ಬೇಗೆಯಲ್ಲಿ ಬೆಂದು, 1860ರ ಅಕ್ಟೋಬರಿನಲ್ಲಿ ಉದಕಮಂಡಲವನ್ನು ಮುಟ್ಟಿದವು. ಮುಟ್ಟಿದುದಷ್ಟೇ, ಒಂದೂ ಬದುಕಿ ಉಳಿಯಲಿಲ್ಲ.

ಆದರೂ ಮಾರ್ಕಮರ ಆ ಬರವು ವ್ಯರ್ಥವಾಗಲಿಲ್ಲ. ಸಿಂಕೋನಾಕ್ಕೆ ತಕ್ಕ ನೆಲವನ್ನು ಅವರೂ ಮೆಕ್‌ಐವರರೂ ಒಡಗೂಡಿ ಹುಡುಕಿದರು. ಹುಡುಕಾಟದ ಮುಖ್ಯ ಪ್ರಶ್ನೆ ಹೆಪ್ಪುಮಂಜೇ. ಆಂಡೀಸ್ ಪರ್ವತದ ತಂಪು ಈ ಮರಕ್ಕೆ ಬೇಕು; ಆದರೆ ಹೆಪ್ಪುಗಟ್ಟುವ ಚಳಿಯನ್ನು ಅದು ತಾಳದು. ಹನ್ನೆರಡು ವರ್ಷಗಳ ಕಾಲ ಪ್ರತಿ ಚಳಿಗಾಲವೂ ಯಾವ ಮಡಿಯಲ್ಲಿ ಯಾವ ಗಿಡ ಕಪ್ಪಾಯಿತೆಂದು ನೋಡಿದ್ದ ತೋಟಗಾರನ ತಿಳಿವು ಆಗ ಬೆಲೆಗೆ ಬಂದಿತು. ಚಳಿಯನ್ನು ಹೆಚ್ಚು ಸಹಿಸುವ ಜಾತಿಗಳಿಗೆ ಉದ್ಯಾನದ ಹಿಂದಣ ದೊಡ್ಡಬೆಟ್ಟದ ಶೋಲೆಯ ಕಣಿವೆಯನ್ನೂ, ಬೆಚ್ಚನೆಯ ಹವೆಯನ್ನು ಬಯಸುವ ಕೆಂಪು ತೊಗಟೆಯ ಜಾತಿಗೆ ಗೂಡಲೂರಿನ ದಾರಿಯಲ್ಲಿ ಪಶ್ಚಿಮಕ್ಕೆ ಇಳಿಯುವ ನಡುವಟ್ಟವನ್ನೂ ಆರಿಸಿದರು. ಊರಿನ ಬಯಲಿನಲ್ಲಿ ನೀರು ಹೆಪ್ಪುಗಟ್ಟುವ ರಾತ್ರಿಯೂ ಅದಕ್ಕಿಂತ ಎತ್ತರದಲ್ಲಿರುವ ಶೋಲೆಯ ಇಳಿಜಾರು ಕ್ಷೇಮವಾಗಿರುತ್ತದೆಂಬುದು ನಕ್ಷೆಯನ್ನು ಮಾತ್ರ ನೋಡುವವರಿಗೆ ಹೊಳೆಯುವ ಸಂಗತಿಯಲ್ಲ.

1861ರಲ್ಲಿ ಎರಡನೆಯ ತಂಡವು ಬಂದಿತು. ಈಕ್ವೆಡಾರ್ ದೇಶದ ಚಿಂಬೊರಾಜೊ ಪರ್ವತದ ಪಡುವಣ ತಪ್ಪಲಿನಲ್ಲಿ ರೋಗಪೀಡಿತರಾಗಿಯೂ ದುಡಿದ ರಿಚರ್ಡ್ ಸ್ಪ್ರೂಸರು ಸಂಗ್ರಹಿಸಿದ ಕೆಂಪು ತೊಗಟೆಯ ಬೀಜಗಳು ಮೊದಲು ತಲುಪಿದವು. ಅನಂತರ ರಾಬರ್ಟ್ ಕ್ರಾಸ್ ಎಂಬ ತೋಟಗಾರರು 400ಕ್ಕೂ ಮಿಕ್ಕಿದ ಸಸಿಗಳನ್ನು ಜೀವಂತವಾಗಿ ತಂದೊಪ್ಪಿಸಿದರು. ಆ ಬೀಜವೋ, ಊದಿದರೆ ಹಾರುವಷ್ಟು ಹಗುರ. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಮೊಳೆಯದು. ಮೆಕ್‌ಐವರರು ಹಗುರವಾದ ಮಣ್ಣಿನಲ್ಲಿ ಹದವರಿತು ನೀರುಣಿಸಿ ಅವನ್ನು ಮೊಳೆಯಿಸಿದರು. ಬಳಿಕ ಆ ಗಿಡಗಳನ್ನು ಕೊಂಬೆ ಬಾಗಿಸಿ ಬೇರುಬರಿಸುವುದರಿಂದಲೂ, ಕಡ್ಡಿ ನೆಡುವುದರಿಂದಲೂ, ಕಡೆಗೆ ಒಂದೇ ಒಂದು ಮೊಗ್ಗುಗಣ್ಣನ್ನು ಎಲೆಸಮೇತ ಕೊಯ್ದು ನೆಡುವುದರಿಂದಲೂ ಹೆಚ್ಚಿಸಿದರು. ಕೆಲವೇ ವರ್ಷಗಳಲ್ಲಿ ನೂರುಗಳು ಲಕ್ಷಗಳಾದವು. 1863ರಲ್ಲಿ ಈ ಕೃಷಿಯ ಕ್ರಮವನ್ನು ಕುರಿತು ಪುಸ್ತಕವೊಂದನ್ನೂ ಮದರಾಸಿನಲ್ಲಿ ಪ್ರಕಟಿಸಿದರು. ಅವರದು ಪಂಡಿತರ ಶಾಸ್ತ್ರವಲ್ಲ, ಬೆರಳ ತುದಿಯ ಶಾಸ್ತ್ರ.

ಹಾವಸೆಯ ಪ್ರಸಂಗಕ್ಕೆ ಈಗ ಬಂದೆವು. ಮರವನ್ನು ಕಡಿಯದೆ ತೊಗಟೆಯನ್ನು ಪಡೆಯುವುದು ಹೇಗೆ? ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಮೆಕ್‌ಐವರರು ಉದ್ದುದ್ದವಾಗಿ ಒಂದು ಪಟ್ಟಿಯನ್ನು ಸುಲಿದು, ಮುಂದಿನ ಪಟ್ಟಿಯನ್ನು ಬಿಟ್ಟು, ಹೀಗೆ ಒಂದು ಬಿಟ್ಟು ಒಂದರಂತೆ ತೆಗೆಯಿಸಿ, ಗಾಯಗೊಂಡ ಕಾಂಡಕ್ಕೆ ಒದ್ದೆಯಾದ ಹಾವಸೆಯನ್ನು ಸುತ್ತಿ ಕಟ್ಟಿಸಿದರು. ಬೆಳಕು ತಾಗದ, ತೇವವಾರದ ಆ ಹೊದಿಕೆಯ ಕೆಳಗೆ ಹೊಸ ತೊಗಟೆ ಬೆಳೆಯಿತು. ಪರೀಕ್ಷಿಸಿ ನೋಡಲಾಗಿ ಹೊಸ ತೊಗಟೆಯಲ್ಲಿ ಔಷಧಸತ್ತ್ವವು ಹಳೆಯದಕ್ಕಿಂತ ಹೆಚ್ಚಾಗಿದ್ದಿತು! ಡಾಲರಿನಿಂದ ಕ್ಯೂ ಉದ್ಯಾನದವರೆಗೆ ಹಾವಸೆಯ ಬೆನ್ನುಹತ್ತಿದ್ದ ತರುಣನಿಗೆ ಹಾವಸೆಯು ಋಣ ತೀರಿಸಿತೆಂದು ನಮಗೆ ಹೇಳಬೇಕೆನಿಸುತ್ತದೆ. ಈ ವಿಧಾನವು ಎಲ್ಲ ಕಡೆಯೂ ಸಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಡಾರ್ಜಿಲಿಂಗಿನ ಕಡೆ ಹಾವಸೆಯೊಳಗೆ ಇರುವೆಗಳು ಮನೆಮಾಡಿ ಕೆಲಸವನ್ನು ಕೆಡಿಸಿದವು. ಮರವನ್ನು ಬುಡದಲ್ಲಿ ಕಡಿದು ಮತ್ತೆ ಚಿಗುರಿಸುವುದೇ ಲೇಸೆಂದು ವಾದಿಸಿದವರೂ ಇದ್ದರು. ಆದರೆ ಮರವನ್ನು ಉಳಿಸಿಕೊಂಡೇ ಮದ್ದನ್ನು ಪಡೆಯಬಹುದೆಂದು ಮೊದಲು ತೋರಿಸಿದ ಕೀರ್ತಿ ಮೆಕ್‌ಐವರರದು.

ಈ ಕಥೆಗೆ ಕತ್ತಲಿನ ಭಾಗವೂ ಉಂಟು. ನಡುವಟ್ಟದಲ್ಲಿ ಕಾಡು ಕಡಿಯಲು ಆಳುಗಳು ಸಾಲದೆ, ಮಲಯದ ಕಡೆಯ ಆಂಗ್ಲ ವಸಾಹತುಗಳಿಂದ ಮದರಾಸಿಗೆ ಸಾಗಿಸಲ್ಪಟ್ಟಿದ್ದ ಚೀನೀ ಕೈದಿಗಳನ್ನು ದುಡಿಸಿದರು. ಶಿಕ್ಷೆ ಮುಗಿದ ಮೇಲೆ ಅವರಲ್ಲಿ ಕೆಲವರು ತಮಿಳು ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿ ತರಕಾರಿ ಬೆಳೆದು ಬಾಳಿದರು. ಸಾವಿರಾರು ವರ್ಷಗಳ ಶೋಲೆಗಳು ತೋಟಗಳಿಗಾಗಿ ಬಿದ್ದವು. ಆಸ್ಟ್ರೇಲಿಯದ ನೀಲಗಿರಿ ಮರವೂ ಜಾಲಿಯ ಬಳಗದ ವಾಟಲ್ ಮರವೂ ಮೆಕ್‌ಐವರರಿಗಿಂತ ಮೊದಲೇ ಬಂದಿದ್ದವಾದರೂ ಅವು ಹುಲ್ಲುಗಾವಲುಗಳನ್ನು ನುಂಗಿ ಹರಡಿದುದು ಅದೇ ಕಾಲದ ಹುಮ್ಮಸ್ಸಿನ ಫಲವೇ. ಹೊರಗಿನ ಗಿಡ ಬಂದರೆ ನಾಡಿಗೆ ಲಾಭವೆಂದು ಆ ತಲೆಮಾರು ನಂಬಿತ್ತು. ಸಿಂಕೋನಾದ ವಿಷಯದಲ್ಲಿ ನಂಬಿಕೆ ನಿಜವಾಯಿತು. ವಾಟಲಿನ ವಿಷಯದಲ್ಲಿ ಸುಳ್ಳಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

1876ರ ಜೂನ್ 8ರಂದು ಮೆಕ್‌ಐವರರು ಉದಕಮಂಡಲದಲ್ಲಿಯೇ ತೀರಿಕೊಂಡರು. ಐವತ್ತರ ಗಡಿಯನ್ನು ಆಗತಾನೆ ದಾಟಿದ್ದರು. ತರುವಾಯ ಸಿಂಕೋನಾದ ಪೈಪೋಟಿಯಲ್ಲಿ ಜಾವಾ ದ್ವೀಪದ ಡಚ್ಚರು ಮುಂದಾದರು. ಚಾರ್ಲ್ಸ್ ಲೆಜರ್ ಎಂಬ ವರ್ತಕರಿಂದ 1865ರಲ್ಲಿ ಅವರು ಕೊಂಡ ಬೀಜಗಳು ಅತ್ಯಂತ ಸತ್ತ್ವಶಾಲಿಯಾದ ಜಾತಿಯವಾಗಿದ್ದವು. ಆದರೂ ನಡುವಟ್ಟದ ಕ್ವಿನೈನು ಬಹುಕಾಲ ದಕ್ಷಿಣದ ರೋಗಿಗಳನ್ನು ಮುಟ್ಟುತ್ತಲೇ ಇದ್ದಿತು. ಮೆಕ್‌ಐವರರು ಗತಿಸಿದ ಇಪ್ಪತ್ತೊಂದು ವರ್ಷಗಳ ಮೇಲೆ, 1897ರಲ್ಲಿ, ಚಳಿಜ್ವರದ ಮೂಲವನ್ನು ಅರಸುತ್ತ ರೊನಾಲ್ಡ್ ರಾಸರು ಉದಕಮಂಡಲಕ್ಕೆ ಬಂದು, ಮೈಸೂರಿನ ಕಡೆಗೆ ಇಳಿಯುವ ಸೀಗೂರು ಘಟ್ಟದಲ್ಲಿ ತಾವೇ ಆ ಜ್ವರಕ್ಕೆ ತುತ್ತಾದರು. ಅದೇ ವರ್ಷದ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಒಡಲಿನೊಳಗೆ ರೋಗಾಣುವನ್ನು ಕಂಡುಹಿಡಿದರು. ಮದ್ದು ಬೆಳೆದ ಬೆಟ್ಟದ ಬುಡದಲ್ಲಿಯೇ ರೋಗವೂ ಹೊಂಚುಹಾಕಿದ್ದಿತು.

ಇನ್ನು ಉದ್ಯಾನದ ಈಗಿನ ಚಳಿಗಾಲದ ಕುರಿತು ಕೆಲವು ಮಾತುಗಳು. ಮೇ ತಿಂಗಳ ಹೂವಿಗೆ ಬಿತ್ತನೆ ನಡೆಯುವುದು ಈ ತಿಂಗಳುಗಳಲ್ಲಿಯೇ. ಸಾವಿರಾರು ಕುಂಡಗಳ ಎಳೆಸಸಿಗಳು ಒಂದು ಕೆಟ್ಟ ರಾತ್ರಿಗೆ ಬಲಿಯಾಗಬಹುದು. ಆದುದರಿಂದ ಸಂಜೆಯಾಗುತ್ತಲೇ ತೋಟದ ಆಳುಗಳು ಸೊಪ್ಪುಗಟ್ಟಿದ ರೆಂಬೆಗಳಿಂದ ಮಡಿಗಳನ್ನು ಮುಚ್ಚುತ್ತಾರೆ. ಬೆಳಗ್ಗೆ ಬಿಸಿಲು ಏರುವ ಮುನ್ನ ಹುಲ್ಲಿನ ಮೇಲೆ ನೀರು ಚಿಮುಕಿಸಿ ಹೆಪ್ಪುಮಂಜನ್ನು ತೊಳೆಯುತ್ತಾರೆ. ಹೆಪ್ಪುಗಟ್ಟಿದ ಎಲೆಗೆ ಒಮ್ಮೆಲೇ ಬಿಸಿಲು ಬಡಿದರೆ ಅದು ಸುಟ್ಟಂತಾಗುತ್ತದೆ. ಅದೇ ಹೊತ್ತಿಗೆ ಹಟ್ಟಿಗಳಲ್ಲಿ ಹೆತ್ತೆ ಹಬ್ಬದ ಸಡಗರ. ಬಿಳಿಯ ವಸ್ತ್ರವನ್ನುಟ್ಟ ಜನರು ಬಿಳಿಯ ಹುಲ್ಲಿನ ದಾರಿಯಲ್ಲಿ ನಡೆದುಹೋಗುವುದು ಕಣ್ಣಿಗೆ ಹಬ್ಬ.

ಈ ಋತುವಿನಲ್ಲಿ ನಮಗೆ ಪ್ರಿಯವಾದ ಗಿಡಗಳು ಯಾವುವೆಂದರೆ, ಮೊದಲನೆಯದು ರೋಡೊಡೆಂಡ್ರಾನ್. ಹೊರನಾಡಿನ ಹೆಸರನ್ನು ಹೊತ್ತಿದ್ದರೂ ಇದು ಈ ಬೆಟ್ಟಗಳ ಸ್ವಂತ ಮರ. ಇದರ ಅತಿಸಮೀಪದ ಬಂಧುಗಳು ದೂರದ ಹಿಮಾಲಯದಲ್ಲಿವೆ. ಎಲ್ಲ ಹೂಗಳೂ ಮುದುಡುವ ಚಳಿಯಲ್ಲಿ ತೊಗಲಿನಂತೆ ದಪ್ಪವಾದ ಎಲೆಗಳ ನಡುವೆ ರಕ್ತವರ್ಣದ ಗೊಂಚಲುಗಳನ್ನು ಹೊತ್ತು ನಿಲ್ಲುತ್ತದೆ. ಹೆಪ್ಪುಮಂಜನ್ನು ತಾಳಿಕೊಂಡು ಹುಲ್ಲುಗಾವಲಿನ ನಡುವೆ ಒಂಟಿಯಾಗಿ ಬೆಳೆಯಬಲ್ಲ ಇಲ್ಲಿನ ಮರಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಎರಡನೆಯದು ಕಮೇಲಿಯಾ, ಚಹಾಗಿಡದ ದಾಯಾದಿ. ಮೇಣದಲ್ಲಿ ಎರಕ ಹೊಯ್ದಂತಹ ಅದರ ಹೂವು ಪರಿಮಳವಿಲ್ಲದಿದ್ದರೂ ಗಾಂಭೀರ್ಯದಲ್ಲಿ ಯಾವುದಕ್ಕೂ ಸೋಲದು. ಇನ್ನು ಜರಿಗಿಡಗಳ ಮನೆಯನ್ನು ಹೊಕ್ಕರೆ ಹೊರಗಿನ ಚಳಿಯೆಲ್ಲವೂ ಮರೆತುಹೋಗುತ್ತದೆ. ಅಲ್ಲಿನ ಒದ್ದೆಗಲ್ಲುಗಳ ಮೇಲಿನ ಹಾವಸೆಯನ್ನು ಯಾರೂ ನೋಡುವುದಿಲ್ಲ. ನಾವು ಮಕ್ಕಳನ್ನು ಕರೆದೊಯ್ದಾಗ ಅದನ್ನೇ ಮೊದಲು ತೋರಿಸುತ್ತೇವೆ.

ಗಿಡಗಳಷ್ಟೇ ಅಲ್ಲ, ಅತಿಥಿಗಳೂ ಉಂಟು. ಕಾಶ್ಮೀರದಲ್ಲಿ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣದ ಬೆಟ್ಟಗಳಿಗೂ ಸಿಂಹಳಕ್ಕೂ ಹಾರಿಬರುವ ಕೆಂಪೆದೆಯ ಪುಟ್ಟ ನೊಣಹಿಡುಕ ಹಕ್ಕಿಯು ಈ ಉದ್ಯಾನದ ಮರಗಳಲ್ಲಿ ಕಾಣಸಿಗುತ್ತದೆ. ಅದನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ನೀಲಗಿರಿಯ ಹೊರಗೆ ಕಾಣುವುದು ಬಲು ಅಪರೂಪವಾದ ನಗೆಮಲ್ಲಿ ಹಕ್ಕಿಯ ಕೇಕೆಯು ಪೊದೆಗಳೊಳಗಿಂದ ಕೇಳಿಸುತ್ತದೆ. ಕಾಲುವೆಯ ಬದಿಯಲ್ಲಿ ಬೂದುಬಣ್ಣದ ಕುಂಡೆಕುಸುಕ ಬಾಲವನ್ನಾಡಿಸುತ್ತ ಹುಳುಗಳನ್ನು ಹೆಕ್ಕುತ್ತಿರುತ್ತದೆ. ಮೆಕ್‌ಐವರರು ಜೌಗನ್ನು ಬಸಿಸಲು ನೀರಿಗೆ ದಾರಿ ಮಾಡಿಕೊಟ್ಟುದು ಅಂತಹ ಕಾಲುವೆಗಳಿಂದಲೇ. ಬೆಳಗಿನ ಏಳೂವರೆಗೆ ಬಿಸಿಲು ಮೇಲಿನ ಹಂತಗಳನ್ನು ಮುಟ್ಟಿದಾಗಲೂ ಕೆಳಗಿನ ಹುಲ್ಲುಹಾಸು ಇನ್ನೂ ಬೆಳ್ಳಗೇ ಇರುತ್ತದೆ. ಮುಚ್ಚಿದ ರೆಂಬೆಗಳನ್ನು ಆಳುಗಳು ಮೇಲಿನಿಂದ ಆರಂಭಿಸಿ ಒಂದೊಂದೇ ಮಡಿಯಾಗಿ ತೆಗೆಯುತ್ತ ಕೆಳಗೆ ಇಳಿಯುತ್ತಾರೆ.